ಎಲ್ಲದಕ್ಕೂ 10 ದಿನ ಅಂತ ಹಾಕಿದ್ದೀಯಲ್ಲ, ಎಲ್ಲಿಂದ ಬಂತು?

ಚಿ. ಸುಹಾಸನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಅಸೈನ್‌ಮೆಂಟಿಗೆ ಮಾಡಿ ಕಳಿಸಿದ ಶೆಡ್ಯೂಲ್, ಅಂದರೆ ಯಾವ ಕೆಲಸ ಯಾವಾಗ, ಎಷ್ಟು ದಿನ ಅನ್ನುವ ವೇಳಾಪಟ್ಟಿ, ನೋಡಿದೆ. ಎರಡು ಮಹಡಿಯ ಕಟ್ಟಡ, ಸಾಲಾಗಿ ಚಟುವಟಿಕೆಗಳು, ಬಣ್ಣಬಣ್ಣದ ಪಟ್ಟಿಗಳು. ನೋಡೋಕೆ ಚೆನ್ನಾಗಿದೆ. ಒಂದೇ ರಾತ್ರಿಯಲ್ಲಿ ಮುಗಿಸಿದೆ ಅಂತ ಬರೆದಿದ್ದೀಯ, ಅದೂ ಕಾಣಿಸುತ್ತದೆ! ಇಟ್ಟಿಗೆ ಕೆಲಸ 10 ದಿನ, ಪ್ಲಾಸ್ಟರಿಂಗ್ 10 ದಿನ, ವೈರಿಂಗ್ 10 ದಿನ, ಬಣ್ಣ 10 ದಿನ. ಎಲ್ಲಕ್ಕೂ ಅದೇ ಅಂಕಿ ಹೇಗೆ ಬಂತು ಮಾರಾಯಾ? ಸಾಫ್ಟ್‌ವೇರ್ ಕೇಳಿತು, ನೀನು ತುಂಬಿಸಿದೆ, ಅಷ್ಟೇ ಅಲ್ವಾ?

ಇದೆಲ್ಲ ಬರೀ ಪೇಪರ್ ಕೆಲಸ, ಕಲಿಯೋದೇನಿದ್ದರೂ ಸೈಟಿನಲ್ಲೇ ಅಂತ ನೀನು ಹೇಳುತ್ತೀಯ. ನಾನು ಇಷ್ಟು ವರ್ಷ ಪ್ಲಾನಿಂಗ್ ವಿಭಾಗದಲ್ಲೇ ಕೆಲಸ ಮಾಡಿದವಳು, ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ. ಆದರೂ ಹೇಳುತ್ತೇನೆ. ಸೈಟಿನಲ್ಲಿ ಒಂದು ಅಂಕಿ ತಪ್ಪಾದರೆ ನಿಂತು ಯೋಚಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆ ಪುರುಸೊತ್ತು ಇರುವುದು ಈಗ, ನಿನ್ನ ಅಸೈನ್‌ಮೆಂಟಿನಲ್ಲಿ. ಹಾಳೆಯ ಮೇಲೆ ಇಡುವ ಪ್ರತಿ ಅಂಕಿಗೂ 'ಎಲ್ಲಿಂದ ಬಂತು' ಎಂದು ಕೇಳಿದರೆ ಉತ್ತರ ಹೇಳುವ ಹಾಗೆ ಮಾಡು. ಈ ಪತ್ರದಲ್ಲಿ ನಾನು ಹೇಳಬೇಕಾಗಿರುವುದು ಹೆಚ್ಚುಕಡಿಮೆ ಅದೊಂದೇ.

ಇಟ್ಟಿಗೆ ಕೆಲಸವನ್ನೇ ತಗೋ. ಡ್ರಾಯಿಂಗ್ ನೋಡಿ ಒಂದು ಮಹಡಿಗೆ 60 ಘನ ಮೀಟರ್ ಗೋಡೆ ಅಂತ ಲೆಕ್ಕ ಹಾಕಿದೆ ಅಂದುಕೋ. ಒಂದು ತಂಡ ದಿನಕ್ಕೆ 3 ಘನ ಮೀಟರ್ ಕಟ್ಟುತ್ತದೆ ಅಂತ ಹಿಡಿದರೆ 20 ದಿನ. ಎರಡು ತಂಡ ಹಾಕಿದರೆ 10 ದಿನ. ಈಗ ನಿನ್ನ ಅಂಕಿಗೆ ಒಂದು ಆಧಾರ ಸಿಕ್ಕಿತು. ಆದರೆ ಅಲ್ಲಿಗೇ ನಿಲ್ಲಬೇಡ. ಎರಡು ತಂಡ ಒಟ್ಟಿಗೆ ನಿಲ್ಲುವಷ್ಟು ಜಾಗ ಆ ಮಹಡಿಯಲ್ಲಿದೆಯಾ? ಇಬ್ಬರಿಗೂ ಸಾಕಾಗುವಷ್ಟು ಸಾರುವೆ ಇದೆಯಾ? ಇಟ್ಟಿಗೆ ಮೇಲಕ್ಕೆ ಏರಿಸುವುದು ಹೇಗೆ? ದಿನಕ್ಕೆ 6 ಘನ ಮೀಟರಿಗೆ ಬೇಕಾದಷ್ಟು ಗಾರೆ ಕಲಸಿ ಕೊಡುವವರು ಯಾರು? ಅರ್ಧ ಎತ್ತರ ಕಟ್ಟಿ, ಅದು ಗಟ್ಟಿಯಾಗಲು ಬಿಟ್ಟು, ಆಮೇಲೆ ಮೇಲಕ್ಕೆ ಹೋಗಬೇಕಲ್ಲ, ಆ ನಡುವೆ ತಂಡ ಏನು ಮಾಡುತ್ತದೆ? ಇವನ್ನೆಲ್ಲ ಒಂದು ಪುಟದಲ್ಲಿ 'ನಾನು ಹಿಡಿದುಕೊಂಡಿರುವ ಸಂಗತಿಗಳು' ಅಂತ ಬರೆದು ಶೆಡ್ಯೂಲಿನ ಜೊತೆ ಲಗತ್ತಿಸು. ತಿದ್ದುವ ಮೇಷ್ಟ್ರು ಪಟ್ಟಿಗಳ ಬಣ್ಣಕ್ಕಿಂತ ಆ ಪುಟಕ್ಕೆ ಜಾಸ್ತಿ ಬೆಲೆ ಕೊಡುತ್ತಾರೆ. ಕೊಡದಿದ್ದರೂ ನೀನು ಬರೆ.

ಇನ್ನೊಂದು ಕಣ್ಣಿಗೆ ಬಿತ್ತು. ಮೊದಲ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿದ ಮರುದಿನವೇ ಅದರ ಕೆಳಗಿನ ಮಹಡಿಯಲ್ಲಿ ಗೋಡೆ ಶುರು ಮಾಡಿದ್ದೀಯ. ಆ ಮಹಡಿಯ ಒಳಗೆ ಹೋಗಿ ನಿಂತಿದ್ದೀಯಾ ಯಾವತ್ತಾದರೂ? ಸ್ಲ್ಯಾಬನ್ನು ಹೊತ್ತ ಸೆಂಟ್ರಿಂಗ್ ಪ್ರಾಪ್‌ಗಳು, ಅಂದರೆ ತಾತ್ಕಾಲಿಕ ಆಸರೆ ಕಂಬಗಳು, ಹೆಜ್ಜೆಗೊಂದು ನಿಂತಿರುತ್ತವೆ. ಮನುಷ್ಯ ಅಡ್ಡ ತಿರುಗಿ ನುಸುಳಬೇಕು. ಅಲ್ಲಿ ದಾರ ಕಟ್ಟುವುದೆಲ್ಲಿ, ಗೋಡೆ ಎಬ್ಬಿಸುವುದೆಲ್ಲಿ! ಕಾಂಕ್ರೀಟಿಗೆ ಸಾಕಷ್ಟು ಬಲ ಬಂದ ಮೇಲೆ ಪ್ರಾಪ್ ಬಿಚ್ಚಬೇಕು, ಆಮೇಲೆ ಗೋಡೆ. ಎಷ್ಟು ದಿನ ಅನ್ನುವುದು ಸ್ಪ್ಯಾನ್ (ಆಧಾರಗಳ ನಡುವಿನ ಅಂತರ), ಸಿಮೆಂಟ್, ಹವಾಮಾನ, ಮೇಲೆ ಇನ್ನೊಂದು ಸ್ಲ್ಯಾಬಿನ ಭಾರ ಬೀಳುತ್ತದೆಯೇ ಅನ್ನುವುದರ ಮೇಲೆ ನಿಂತಿದೆ. ನಿನ್ನ ಕೋರ್ಸಿಗೆ ಯಾವ ಕೋಡ್, ಅಂದರೆ ನಿರ್ಮಾಣದ ನಿಯಮ ಪುಸ್ತಕ, ಹೇಳಿದ್ದಾರೋ ಅದನ್ನು ತೆಗೆದು ನೋಡು. ಆ ಕಾಯುವ ದಿನಗಳಲ್ಲಿ ಅಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ಖರ್ಚೂ ಅಷ್ಟಾಗಿ ಕಾಣುವುದಿಲ್ಲ. ಅದಕ್ಕೇ ಹೊಸಬರು ಅದನ್ನು ಮರೆಯುತ್ತಾರೆ. ಸಾಫ್ಟ್‌ವೇರಿಗೆ ಪ್ರಾಪ್ ಗೊತ್ತಿಲ್ಲ. ನೀನು ಹೇಳಿದ ಕ್ರಮವನ್ನಷ್ಟೇ ಅದು ನಂಬುತ್ತದೆ.

ಆದ್ದರಿಂದ ಮೊದಲು ಹದಿನೈದು ಇಪ್ಪತ್ತು ಚಟುವಟಿಕೆಗಳ ನೆಟ್‌ವರ್ಕ್ ಅನ್ನು, ಅಂದರೆ ಯಾವುದರ ಹಿಂದೆ ಯಾವುದು ಅಂತ ತೋರಿಸುವ ಚಿತ್ರವನ್ನು, ಕೈಯಲ್ಲಿ ಬರೆ. ಮುಂದಕ್ಕೆ ಎಣಿಸಿಕೊಂಡು ಹೋಗು, ಹಿಂದಕ್ಕೆ ಎಣಿಸಿಕೊಂಡು ಬಾ, ಫ್ಲೋಟ್ ಬರೆ, ಅಂದರೆ ಒಟ್ಟು ಕೆಲಸ ತಡವಾಗದ ಹಾಗೆ ಪ್ರತಿ ಚಟುವಟಿಕೆ ಎಷ್ಟು ದಿನ ಹಿಂದೆ ಬೀಳಬಹುದು ಅನ್ನುವುದನ್ನು. ಹೀಗೆ ಎಣಿಸುವ ಕ್ರಿಟಿಕಲ್ ಪಾತ್ ವಿಧಾನವನ್ನು 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಕಂಪನಿಯ ಮೋರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ರೂಪಿಸಿದರು. ಆಗ ಅವರಿಗೆ ಕೋಣೆ ತುಂಬುವ ಯೂನಿವ್ಯಾಕ್ ಕಂಪ್ಯೂಟರ್ ಬೇಕಾಗಿತ್ತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1958ರಲ್ಲಿ, ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಅನ್ನುವ ಇಂಥದೇ ವಿಧಾನ ತಂದಿತು. ನಿನ್ನ ಕಟ್ಟಡಕ್ಕೆ ಪೆನ್ಸಿಲ್ ಸಾಕು. ಕೈಯಲ್ಲಿ ಮಾಡಿದಾಗ ಒಂದು ವಿಷಯ ತಾನಾಗೇ ತಿಳಿಯುತ್ತದೆ: ಟೋಟಲ್ ಫ್ಲೋಟ್ ಒಂದು ಚಟುವಟಿಕೆಯ ಸ್ವಂತ ಆಸ್ತಿಯಲ್ಲ, ಆ ಇಡೀ ಸಾಲಿನದು. ಪ್ಲಂಬರ್‌ಗೆ 6 ದಿನ ಫ್ಲೋಟ್, ಅವನ ಹಿಂದೆ ಬರುವ ಟೈಲ್ಸ್‌ನವನಿಗೆ 6 ದಿನ ಅಂತ ಪಟ್ಟಿಯಲ್ಲಿ ಕಾಣುತ್ತದೆ. ಪ್ಲಂಬರ್ ಆರೂ ದಿನ ತಿಂದುಬಿಟ್ಟರೆ ಟೈಲ್ಸ್‌ನವನಿಗೆ ಉಳಿಯುವುದು ಸೊನ್ನೆ. ಅದು ಯಾರ ಫ್ಲೋಟ್, ಮಾಲೀಕನದ್ದೋ ಕಂಟ್ರಾಕ್ಟರನದ್ದೋ ಅಂತ ದೊಡ್ಡ ದೊಡ್ಡ ಜಗಳಗಳೇ ಆಗಿವೆ.

ಎಸ್ಟಿಮೇಶನ್, ಅಂದರೆ ಸಾಮಗ್ರಿ ಮತ್ತು ಖರ್ಚಿನ ಅಂದಾಜು, ಬೇಜಾರು ಅಂದೆ. ಬೇಜಾರೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲೂ ಸೂತ್ರ ಉರು ಹೊಡೆಯಬೇಡ. ಒಂದು ಮೀಟರ್ ಕಂಬಿಯ ತೂಕ ಕಿಲೋದಲ್ಲಿ ಬೇಕಾದರೆ, ಮಿಲಿಮೀಟರಿನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸು ಅಂತ ಎಲ್ಲರೂ ಹೇಳುತ್ತಾರೆ. ಆ 162 ಆಕಾಶದಿಂದ ಬಿದ್ದದ್ದಲ್ಲ. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕಿಲೋ. ವೃತ್ತದ ವಿಸ್ತೀರ್ಣವನ್ನು ಮಿಲಿಮೀಟರಿನಿಂದ ಮೀಟರಿಗೆ ತಂದು 7850ರಿಂದ ಗುಣಿಸು, ವ್ಯಾಸದ ವರ್ಗದ 162ನೇ ಒಂದು ಪಾಲು ತಾನಾಗಿ ಹೊರಬರುತ್ತದೆ. ಒಂದು ಸಲ ನೀನೇ ಬಿಡಿಸಿ ನೋಡು. ಆಮೇಲೆ 12 ಮಿಲಿಮೀಟರಿನ ಕಂಬಿ ಮೀಟರಿಗೆ ಸುಮಾರು 0.89 ಕಿಲೋ, 16ರದ್ದು ಸುಮಾರು 1.58 ಕಿಲೋ ಅನ್ನುವುದು ಬಾಯಿಗೇ ಬರುತ್ತದೆ. ಯಾರಾದರೂ ಬಿಲ್ಲಿನಲ್ಲಿ 12ರ ಕಂಬಿಗೆ ಮೀಟರಿಗೆ 1.2 ಕಿಲೋ ಅಂತ ಬರೆದರೆ ಓದುತ್ತಿದ್ದ ಹಾಗೆಯೇ ಕಣ್ಣು ಅಲ್ಲಿ ನಿಲ್ಲುತ್ತದೆ. ಹಾಗೆಯೇ ಒಂದು ಘನ ಮೀಟರ್ ಕಾಂಕ್ರೀಟಿಗೆ ಒಣ ಸಾಮಗ್ರಿ 1.54 ಪಾಲು ಅಂತ ಹಿಡಿಯುತ್ತಾರಲ್ಲ, ಅದು ಯಾಕೆ ಅಂತ ಮೇಷ್ಟ್ರನ್ನು ಕೇಳು. ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟು ಇಳಿಯುವ ಕಥೆ ಅದರಲ್ಲಿದೆ.

ಕಾಂಕ್ರೀಟ್ ಟೆಕ್ನಾಲಜಿ ನಿನಗೆ ಇಷ್ಟ ಅಂತ ಗೊತ್ತು, ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಒಂದೇ ಮಾತು. ಒಂದು ಕಂಬಕ್ಕೆ ಕಾಂಕ್ರೀಟ್ ಹಾಕಿ, 28ನೇ ದಿನದ ಬಲದ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಆ ಕಂಬದ ಮೇಲೆ ಇನ್ನಷ್ಟು ಕೆಲಸ ಏರಿ ಕೂತಿರುತ್ತದೆ. 7ನೇ ದಿನವೂ ಯಾಕೆ ಪರೀಕ್ಷೆ ಮಾಡುತ್ತಾರೆ ಅನ್ನುವುದನ್ನು ಮ್ಯಾನೇಜ್‌ಮೆಂಟ್ ಓದುವವನ ಕಣ್ಣಿನಿಂದ ನೋಡು.

ಕಂಟ್ರಾಕ್ಟ್ ಕ್ಲಾಸಿನಲ್ಲಿ ನಿದ್ದೆ ಬರುತ್ತದೆ ಅಂದದ್ದಕ್ಕೆ ಮಾತ್ರ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಿನಲ್ಲಿ, ದೊಡ್ಡ ಹಜಾರದ ಮೇಲೆ ತೂಗುಬಿಟ್ಟಿದ್ದ ನಡಿಗೆ ದಾರಿಗಳು ಕುಸಿದು 114 ಜನ ಸತ್ತರು. ನಾಲ್ಕನೇ ಮಹಡಿಯ ದಾರಿಯ ನೇರ ಕೆಳಗೆ ಎರಡನೇ ಮಹಡಿಯ ದಾರಿ ಇತ್ತು. ಮೊದಲ ಡ್ರಾಯಿಂಗಿನ ಪ್ರಕಾರ ಚಾವಣಿಯಿಂದ ಇಳಿದ, ತುಂಡಿಲ್ಲದ ಒಂದೇ ನೀಳ ಸರಳು ಎರಡನ್ನೂ ಹಿಡಿಯಬೇಕಿತ್ತು. ಅಷ್ಟುದ್ದದ ಸರಳಿಗೆ ನಟ್ಟು ತಿರುಗುವ ಮರೆ (ಥ್ರೆಡ್) ಹಾಕಿ, ನಟ್ಟನ್ನು ನಡುವಿನವರೆಗೆ ತಿರುಗಿಸಿ ತರುವುದು ಕಷ್ಟ ಅಂತ ಅದನ್ನು ಎರಡು ತುಂಡು ಮಾಡಿದರು. ಮೇಲಿನ ಸರಳು ನಾಲ್ಕನೇ ಮಹಡಿಯ ತೊಲೆಗೆ ಬಂದು ನಿಂತಿತು, ಇನ್ನೊಂದು ಸರಳು ಆ ತೊಲೆಯಿಂದಲೇ ಕೆಳಕ್ಕೆ ಇಳಿಯಿತು. ಆಮೇಲೆ ಏನಾಯಿತು ಅಂತ ಹಾಳೆ ತಗೊಂಡು ಚಿತ್ರ ಬರೆದು ನೋಡು. ಮೊದಲು ತನ್ನ ದಾರಿಯ ಭಾರವನ್ನಷ್ಟೇ ಹೊರುತ್ತಿದ್ದ ಮೇಲಿನ ನಟ್ಟು ಈಗ ಎರಡೂ ದಾರಿಗಳನ್ನು ಹೊರಬೇಕು. ಮೊದಲಿನ ವಿನ್ಯಾಸವೇ ನಿಯಮ ಕೇಳುವಷ್ಟು ಗಟ್ಟಿ ಇರಲಿಲ್ಲ, ಅದರ ಮೇಲೆ ಭಾರ ದುಪ್ಪಟ್ಟಾಯಿತು.

ಈಗ ಮ್ಯಾನೇಜ್‌ಮೆಂಟಿನ ಪಾಲು. ಬದಲಾವಣೆ ಇದ್ದ ಶಾಪ್ ಡ್ರಾಯಿಂಗಿಗೆ (ತಯಾರಿಸುವವರು ಬರೆಯುವ ವಿವರ ನಕ್ಷೆ) ಎಂಜಿನಿಯರ್ ಕಚೇರಿಯ ಮುದ್ರೆ ಬಿದ್ದಿತ್ತು. ಉಕ್ಕು ತಯಾರಿಸಿದವರು ಫೋನಿನಲ್ಲಿ ಕೇಳಿ ಒಪ್ಪಿಗೆ ಪಡೆದೆವು ಅಂದರು, ಎಂಜಿನಿಯರ್ ಅಂಥ ಕರೆಯೇ ಬಂದಿಲ್ಲ ಅಂದರು. ಸರಳು ತೊಲೆಗೆ ಕೂಡುವ ಆ ಜಾಗದ ಲೆಕ್ಕ ಮಾಡಬೇಕಾದವರು ಇನ್ನೊಬ್ಬರು ಅಂತ ಇಬ್ಬರೂ ಅಂದುಕೊಂಡಿದ್ದರು. ಕೊನೆಗೆ ಎಂಜಿನಿಯರುಗಳ ಲೈಸೆನ್ಸ್ ಹೋಯಿತು. ಸಬ್‌ಮಿಟಲ್ ರಿಜಿಸ್ಟರ್ (ಒಪ್ಪಿಗೆಗೆ ಕಳಿಸಿದ ಕಾಗದಗಳ ದಾಖಲೆ), ಡ್ರಾಯಿಂಗ್ ರಿವಿಷನ್ ಸಂಖ್ಯೆ, ಮಾತಿನ ಒಪ್ಪಿಗೆಯನ್ನು ಅದೇ ದಿನ ಬರಹದಲ್ಲಿ ಖಚಿತಪಡಿಸುವುದು ಅಂತ ಮೇಷ್ಟ್ರು ಕೊರೆಯುತ್ತಾರಲ್ಲ, ಅದು ಇದಕ್ಕೆ. ಮುಂದಿನ ಸಲ ನಿನ್ನ ಗುಂಪಿನ ಪ್ರಾಜೆಕ್ಟಿನಲ್ಲಿ ಯಾರಾದರೂ 'ಆಮೇಲೆ ಬದಲಾಯಿಸಿದೆವು, ಹೇಳೋಕೆ ಮರೆತೆ' ಅಂದರೆ ಸುಮ್ನೆ ನಕ್ಕು ಬಿಡಬೇಡ. ಯಾವಾಗ ಬದಲಾಯಿತು, ಯಾರು ಒಪ್ಪಿದರು ಅಂತ ಒಂದು ಸಾಲು ಬರೆದಿಡು. ಸ್ನೇಹಿತರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಅರ್ನ್ಡ್ ವ್ಯಾಲ್ಯೂ, ಅಂದರೆ ಆದ ಕೆಲಸವನ್ನು ಬಜೆಟ್ಟಿನ ಬೆಲೆಯಲ್ಲಿ ಅಳೆದು ಖರ್ಚು ಮತ್ತು ಯೋಜನೆಯ ಜೊತೆ ಹೋಲಿಸುವ ಲೆಕ್ಕ, ತಲೆಗೆ ಹತ್ತುತ್ತಿಲ್ಲ ಅಂದಿದ್ದೆ. ಒಟ್ಟು ಬಜೆಟ್ 100 ಅಂದುಕೋ. ಇವತ್ತಿಗೆ 50ರಷ್ಟು ಕೆಲಸ ಆಗಬೇಕಿತ್ತು, 40ರಷ್ಟು ಆಗಿದೆ, ಖರ್ಚಾದದ್ದು 45. 40ನ್ನು 45ರಿಂದ ಭಾಗಿಸಿದರೆ 0.89, ಅಂದರೆ ಹಾಕಿದ ಹಣಕ್ಕೆ ತಕ್ಕ ಕೆಲಸ ಬಂದಿಲ್ಲ. 40ನ್ನು 50ರಿಂದ ಭಾಗಿಸಿದರೆ 0.8, ಅಂದರೆ ಹಿಂದೆ ಬಿದ್ದಿದ್ದೀರಿ. ಇಷ್ಟೇ. ಆದರೆ ಈ ಎರಡನೇ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡ. ಕೆಲಸ ಆರು ತಿಂಗಳು ತಡವಾಗಿ ಮುಗಿದರೂ ಕೊನೆಯ ದಿನ ಅದು 1 ಅಂತಲೇ ತೋರಿಸುತ್ತದೆ. ಮುಗಿದ ಕೆಲಸವೂ 100, ಆಗಬೇಕಿದ್ದ ಕೆಲಸವೂ 100 ತಾನೇ. ಇನ್ನು 'ಆಗಿರುವ ಕೆಲಸ 40' ಅನ್ನುವುದನ್ನು ಯಾರು ಅಳೆದರು, ಹೇಗೆ ಅಳೆದರು? ಬಹಳ ಸಲ ಅದು ಸೂಪರ್‌ವೈಸರ್ ಕಣ್ಣಂದಾಜು.

ಡಿಸರ್ಟೇಶನ್ ವಿಷಯ ಕೇಳಿದ್ದೀಯ. 'ನಿರ್ಮಾಣದಲ್ಲಿ ವಿಳಂಬಕ್ಕೆ ಕಾರಣಗಳು' ಅಂತ ಪ್ರಶ್ನಾವಳಿ ಮಾಡಿ, ಪರಿಚಯದವರಿಗೆಲ್ಲ ಕಳಿಸಿ, 1ರಿಂದ 5ರವರೆಗೆ ಅಂಕ ಹಾಕಿಸಿ, ಸರಾಸರಿ ತೆಗೆಯುವುದು ಬೇಡ. ಕಂಟ್ರಾಕ್ಟರನನ್ನು ಕೇಳಿದರೆ ಮಾಲೀಕ ಹಣ ತಡ ಮಾಡಿದ ಅನ್ನುತ್ತಾನೆ, ಮಾಲೀಕನನ್ನು ಕೇಳಿದರೆ ಕಂಟ್ರಾಕ್ಟರ್ ಸರಿಯಿಲ್ಲ ಅನ್ನುತ್ತಾನೆ. ಅದನ್ನು ತಿಳಿಯೋಕೆ ಡಿಸರ್ಟೇಶನ್ ಬೇಕಾ? ಒಂದೇ ಸೈಟು ಹಿಡಿ. ಈ ವಾರ ಏನೇನು ಮುಗಿಸುತ್ತೇವೆ ಅಂತ ಸೋಮವಾರ ಹೇಳಿದ್ದನ್ನು ಬರೆದುಕೋ, ಶನಿವಾರ ಎಷ್ಟು ಮುಗಿಯಿತು ನೋಡು, ಮುಗಿಯದ ಪ್ರತಿಯೊಂದಕ್ಕೂ ಕಾರಣ ಬರೆ. ಲಾಸ್ಟ್ ಪ್ಲಾನರ್ ಅಂತ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೋವೆಲ್ ಬೆಳೆಸಿದ ಪದ್ಧತಿ ಹೆಚ್ಚುಕಡಿಮೆ ಇದೇ ಲೆಕ್ಕದ ಮೇಲೆ ನಿಂತಿದೆ, ಅದನ್ನು ಓದಿಕೋ. ಕೆಲವು ವಾರಗಳಲ್ಲಿ ನಿನ್ನ ಕೈಯಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಮಾಹಿತಿ ಇರುತ್ತದೆ. ಕಂಬಿ ಬಂದಿರಲಿಲ್ಲ, ಡ್ರಾಯಿಂಗ್ ಬಂದಿರಲಿಲ್ಲ, ಕ್ರೇನ್ ಬೇರೆ ಕಡೆ ಇತ್ತು, ಮುಂದಿನ ತಂಡಕ್ಕೆ ಜಾಗ ಖಾಲಿಯಾಗಿರಲಿಲ್ಲ. ಇವುಗಳಲ್ಲಿ ಯಾವುದು ಪದೇ ಪದೇ ಬರುತ್ತದೆ ಅನ್ನುವುದನ್ನು ಯಾರ ಅಭಿಪ್ರಾಯವೂ ಇಲ್ಲದೆ ತೋರಿಸಬಹುದು.

ಗೈಡ್ 'ಒಂದೇ ಸೈಟು ಸಾಲದು' ಅನ್ನಬಹುದು. ವಾದಕ್ಕೆ ಇಳಿಯಬೇಡ. ಮೊದಲ ಎರಡು ವಾರದ ಕೋಷ್ಟಕ ಮಾಡಿಕೊಂಡು ಹೋಗಿ ಅವರ ಮೇಜಿನ ಮೇಲಿಡು, ಅದನ್ನು ನೋಡಿದ ಮೇಲೆ ಅವರೇ ಮಾತು ಶುರು ಮಾಡುತ್ತಾರೆ. ಸೈಟಿನವರು ಒಳಗೆ ಬಿಡಲು ಹಿಂದೆಮುಂದೆ ನೋಡಿದರೆ ನನಗೆ ಫೋನ್ ಮಾಡು, ಹಳೆಯ ಸಹೋದ್ಯೋಗಿಗಳಲ್ಲಿ ಒಬ್ಬಿಬ್ಬರನ್ನು ಕೇಳಿ ನೋಡುತ್ತೇನೆ. ಹೆಲ್ಮೆಟ್ಟು, ಬೂಟು ಮಾತ್ರ ನಿನ್ನದೇ ಇಟ್ಟುಕೋ, ಸೈಟಿನಲ್ಲಿ ಕೊಡುವುದು ಯಾವತ್ತೂ ಅಳತೆಗೆ ಸರಿಯಾಗುವುದಿಲ್ಲ.

ಇಂತಿ,
ನಿನ್ನ ಅತ್ತೆ