ಕ್ಲಾರಿಸ್ಸಾಳ ಮೇಲೆ ನಿನಗೆ ಬಂದ ಸಿಟ್ಟು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ವರ್ಜೀನಿಯಾ ವುಲ್ಫ್ ಅವರ ‘ಮಿಸೆಸ್ ಡ್ಯಾಲೊವೇ’ ಕಾದಂಬರಿಯನ್ನು ಮುಗಿಸಿದ ಸಿಟ್ಟಿನಲ್ಲೇ ನನಗೆ ಬರೆಯಲು ಕುಳಿತಿದ್ದೀಯೆಂದು ನಿನ್ನ ಅಕ್ಷರ ನೋಡಿದರೇ ತಿಳಿಯುತ್ತದೆ. ವೆಸ್ಟ್‌ಮಿನ್‌ಸ್ಟರಿನಲ್ಲಿ ಮನೆ, ಪಾರ್ಲಿಮೆಂಟಿನ ಸದಸ್ಯನಾದ ಗಂಡ, ಕೈಗೊಬ್ಬರು ಕಾಲಿಗೊಬ್ಬರು ಆಳುಗಳು, ಸಂಜೆಯ ಔತಣಕ್ಕೆ ಸ್ವತಃ ಪ್ರಧಾನಿ. ಇಷ್ಟಿದ್ದೂ ಈ ಕ್ಲಾರಿಸ್ಸಾ ಡ್ಯಾಲೊವೇ ಎಂಬ ಹೆಂಗಸಿಗೆ ಏನು ಕಡಿಮೆ ಎಂದು ಕೇಳಿದ್ದೀಯೆ. ಸೆಮಿನಾರಿನ ಪ್ರಬಂಧವನ್ನೂ ಇದೇ ಪ್ರಶ್ನೆಯಿಂದ ಆರಂಭಿಸುತ್ತೀಯಂತೆ. ಅದು ಬೇಡ.

ಸಿಟ್ಟು ಬರಬಾರದೆಂದು ಹೇಳುತ್ತಿಲ್ಲ. ಆದರೆ ಅದು ನಿನಗಿಂತ ಮೊದಲೇ ಕಾದಂಬರಿಯೊಳಗೆ ಬಂದು ಕುಳಿತಿದೆ. ಅವಳ ಮಗಳಿಗೆ ಇತಿಹಾಸ ಹೇಳಿಕೊಡುವ ಮಿಸ್ ಕಿಲ್ಮನ್ ಹಳೆಯ ಮಳೆಕೋಟಿನಲ್ಲಿ ನಿಂತು ಒಳಗೊಳಗೇ ಶಪಿಸುವುದು ಹೆಚ್ಚುಕಡಿಮೆ ನಿನ್ನ ಮಾತುಗಳಲ್ಲೇ. ಇಂಡಿಯಾದಿಂದ ಮರಳಿದ ಹಳೆಯ ಪ್ರೇಮಿ ಪೀಟರ್ ವಾಲ್ಷ್, ಚಾಕುವಿನ ಅಲಗನ್ನು ತೆರೆಯುತ್ತ ಮುಚ್ಚುತ್ತ ಅವಳ ಬದುಕಿಗೆ ಬೆಲೆ ಕಟ್ಟುತ್ತಾನೆ. ಕ್ಲಾರಿಸ್ಸಾ ತನ್ನ ಬಡ ನೆಂಟಳಾದ ಎಲ್ಲೀ ಹೆಂಡರ್ಸನ್‌ಳನ್ನು ಔತಣಕ್ಕೆ ಒಲ್ಲದ ಮನಸ್ಸಿನಿಂದ ಕರೆಯುವುದನ್ನು, ನೊಂದವರು ಆರ್ಮೇನಿಯನ್ನರೋ ಅಲ್ಬೇನಿಯನ್ನರೋ ಎಂದು ಗೊಂದಲಪಡುವುದನ್ನು ಲೇಖಕಿ ಬೇಕೆಂದೇ ಬರೆದಿದ್ದಾರೆ. (ಆ ಆರ್ಮೇನಿಯನ್ನರ ಪುಟಕ್ಕೆ ಅವಳನ್ನು ನಾನು ಇಂದಿಗೂ ಕ್ಷಮಿಸಿಲ್ಲ.) ಇಷ್ಟು ಜನ ದೂರು ಕೊಟ್ಟಿರುವಾಗ ನಿನ್ನದೂ ಒಂದು ಏಕೆ?

ನೀನು ಅವಸರದಲ್ಲಿ ದಾಟಿಹೋದ ಭಾಗ ಯಾವುದೆಂದು ಊಹಿಸಬಲ್ಲೆ. ಲೇಡಿ ಬ್ರೂಟನ್ ಎಂಬ ಗಣ್ಯ ಮಹಿಳೆ ಕ್ಲಾರಿಸ್ಸಾಳನ್ನು ಬಿಟ್ಟು ಅವಳ ಗಂಡನೊಬ್ಬನನ್ನೇ ಊಟಕ್ಕೆ ಕರೆದಿದ್ದಾಳೆಂದು ತಿಳಿದಾಗ ಇವಳು ಮಹಡಿ ಮೇಲಿನ ತನ್ನ ಕೋಣೆಗೆ ಹತ್ತಿಹೋಗುತ್ತಾಳಲ್ಲ, ಅದನ್ನು ಇನ್ನೊಮ್ಮೆ ಓದು. ಕಾಯಿಲೆಯ ನಂತರ ಅವಳೊಬ್ಬಳೇ ಮಲಗುವ ಕಿರಿದಾದ ಹಾಸಿಗೆ, ಅರ್ಧ ಉರಿದ ಮೇಣದ ಬತ್ತಿ, ರಾತ್ರಿ ನಿದ್ದೆ ಬಾರದಾಗ ಓದುವ, ಮಾಸ್ಕೋದಿಂದ ನೆಪೋಲಿಯನ್ನನ ಸೈನ್ಯ ಹಿಮ್ಮೆಟ್ಟಿದ ಕಥೆ. ಐವತ್ತೆರಡನೆಯ ವರ್ಷಕ್ಕೆ ಕಾಲಿಟ್ಟಿದ್ದಾಳೆ. ಬೆಳಿಗ್ಗೆಯಷ್ಟೇ ಬಾಂಡ್ ಸ್ಟ್ರೀಟಿನಲ್ಲಿ ನಡೆಯುವಾಗ, ತಾನೀಗ ಕ್ಲಾರಿಸ್ಸಾ ಕೂಡ ಆಗಿ ಉಳಿದಿಲ್ಲ, ರಿಚರ್ಡ್ ಡ್ಯಾಲೊವೇ ಅವರ ಶ್ರೀಮತಿ ಮಾತ್ರ ಎನಿಸಿದೆ. ಆಸ್ತಿಯ ಪಟ್ಟಿ ಹಿಡಿದುಕೊಂಡು ಹೋದರೆ ಈ ಕೋಣೆಯೊಳಗೆ ನಿನಗೆ ಏನೂ ಕಾಣುವುದಿಲ್ಲ.

ಇನ್ನೊಂದು ಮಾತು. ಮೊದಲ ಮಹಾಯುದ್ಧದಿಂದ ಮನಸ್ಸು ಒಡೆದು ಬಂದ ಸೆಪ್ಟಿಮಸ್‌ನನ್ನು ನೋಡಲು ಬರುವ ಡಾಕ್ಟರ್ ಹೋಮ್ಸ್, ಇವನಿಗೆ ಏನೂ ಆಗಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಾನೆ. ಅದೇ ಹೋಮ್ಸ್ ಮೆಟ್ಟಿಲು ಹತ್ತಿ ಬರುತ್ತಿರುವಾಗಲೇ ಹುಡುಗ ಕಿಟಕಿಯಿಂದ ಹಾರಿಕೊಳ್ಳುತ್ತಾನೆ. ಏನು ಕಡಿಮೆ ಎಂಬ ನಿನ್ನ ಪ್ರಶ್ನೆ ಆ ಡಾಕ್ಟರನ ಬಾಯಿಗೆ ಎಷ್ಟು ಸಲೀಸಾಗಿ ಹೊಂದುತ್ತದೆ ನೋಡು! 1925ರಲ್ಲಿ ಪುಸ್ತಕ ಬಂತು. 1928ರ ಮುನ್ನುಡಿಯಲ್ಲಿ ವುಲ್ಫ್ ಹೇಳಿರುವಂತೆ ಮೊದಲ ಯೋಜನೆಯಲ್ಲಿ ಸೆಪ್ಟಿಮಸ್ ಇರಲೇ ಇಲ್ಲ. ಔತಣದ ಕೊನೆಯಲ್ಲಿ ಸಾಯಬೇಕಿದ್ದವಳು ಕ್ಲಾರಿಸ್ಸಾ. ಹೀಗಿರುವಾಗ ಅವಳ ಅತೃಪ್ತಿಯನ್ನು ಶ್ರೀಮಂತಳ ಬಿಂಕವೆಂದು ಬದಿಗೆ ತಳ್ಳಿದರೆ ಅವನ ಸಾವೂ ಅರ್ಥವಾಗದೆ ಉಳಿಯುತ್ತದೆ.

ಪ್ರಬಂಧವನ್ನು ಅವನ ಸಾವಿನ ಸುದ್ದಿ ಔತಣಕ್ಕೆ ಬರುವಲ್ಲಿಂದ ಆರಂಭಿಸು. ಅತಿಥಿಗಳನ್ನು ಬಿಟ್ಟು ಪಕ್ಕದ ಕೋಣೆಗೆ ಹೋದವಳು, ಕಂಡೂ ಅರಿಯದ ಆ ಹುಡುಗ ತನ್ನಂತೆಯೇ ಎಂದುಕೊಳ್ಳುತ್ತಾಳೆ. ಅವನು ಸತ್ತದ್ದು ಒಳ್ಳೆಯದೇ ಆಯಿತು ಎಂದೂ ಅನಿಸುತ್ತದೆ ಅವಳಿಗೆ. ಅಲ್ಲಿ ಮಾತ್ರ ನಿನ್ನ ಸಿಟ್ಟನ್ನು ಧಾರಾಳವಾಗಿ ಬಳಸು, ನನಗೂ ಆ ಸಾಲು ಗಂಟಲಲ್ಲಿ ಇಳಿಯುವುದಿಲ್ಲ. ಅಧ್ಯಾಪಕರಿಗೆ ಕೊಡುವ ಮುನ್ನ ಒಂದು ಪ್ರತಿ ನನಗೂ ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ