ಹಾವು ಹಿಡಿಯಲು ಬಂದವರಿಗೆ ಬೈಯಬೇಡಿ

ಸಂಪಾದಕರೇ,

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಹೋದ ವರ್ಷ ಜೂನ್‌ನಲ್ಲಿ ನಮ್ಮ ಬಿಲ್ಡಿಂಗ್‌ನ ಪಾರ್ಕಿಂಗ್‌ಗೆ ಹಾವು ಬಂದಿತ್ತು. ಪಕ್ಕದ ಮನೆಯವರ ಹತ್ತಿರ ಹಾವು ಹಿಡಿಯುವವರೊಬ್ಬರ ನಂಬರ್ ಇತ್ತು, ಫೋನ್ ಮಾಡಿದೆ. 'ಉತ್ತರಹಳ್ಳೀಲಿದೀನಿ ಸರ್, ಇಲ್ಲೊಂದು ಮುಗಿಸಿ ಬರ್ತೀನಿ. ಅಲ್ಲೀವರೆಗೂ ದೂರ ನಿಂತು ಅದು ಎಲ್ಲಿಗೆ ಹೋಗುತ್ತೆ ಅಂತ ನೋಡ್ತಿರಿ, ಸಾಕು' ಎಂದರು. ಮುಂದಿನ ಮುಕ್ಕಾಲು ಗಂಟೆಯಲ್ಲಿ ನಾನು ಆರು ಸಲ ಫೋನ್ ಮಾಡಿದೆ. ಐದನೇ ಸಲ 'ಯಾರಾದ್ರೂ ಸತ್ತ ಮೇಲೆ ಬರ್ತೀರಾ?' ಅಂದುಬಿಟ್ಟೆ. ಆರನೇ ಸಲ ಅವರು ಎತ್ತಲಿಲ್ಲ, ಬೈಕ್ ಓಡಿಸುತ್ತಿದ್ದರಲ್ಲ!

ಬಂದವರು ಇನ್ನೂ ಇಪ್ಪತ್ತೈದು ದಾಟದ ಹುಡುಗ. 'ಹಾವೆಲ್ಲಿ?' ಅಂತ ಕೇಳಿದರೆ ನಮ್ಮ ಯಾರ ಬಾಯಲ್ಲೂ ಉತ್ತರ ಇಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು ಒಳಗೆ ಕೂತು ಬಿಲ್ಡಿಂಗ್ ಗ್ರೂಪ್‌ನಲ್ಲಿ ಮೆಸೇಜ್ ಹಾಕುತ್ತಿದ್ದೆವು. ಅವರು ಟಾರ್ಚ್ ಹಿಡಿದು ಚಪ್ಪಲಿ ಸ್ಟ್ಯಾಂಡು, ಹೂಕುಂಡ, ಸ್ಕೂಟರ್ ಸಂದಿ ಎಲ್ಲ ಹುಡುಕಿದರು. ನಲವತ್ತು ನಿಮಿಷ. ಕೊನೆಗೆ ಗಿಡಕ್ಕೆ ನೀರು ಬಿಡುವ ಪೈಪಿನ ಸುರುಳಿ ಒಳಗೆ ಇನ್ನೊಂದು ಸುರುಳಿಯಂತೆ ಮಲಗಿತ್ತು. ಕೇರೆ ಹಾವು, ವಿಷ ಇಲ್ಲ. ಬಟ್ಟೆ ಚೀಲದ ಬಾಯಿಗೆ ಪ್ಲಾಸ್ಟಿಕ್ ಪೈಪಿನ ತುಂಡು ಸಿಕ್ಕಿಸಿ ಹಾವಿನ ಎದುರಿಗೆ ಇಟ್ಟರು. ಕತ್ತಲೆಯ ತೂತು ಕಂಡದ್ದೇ ಅದು ತಾನಾಗಿ ನುಗ್ಗಿ ಚೀಲ ಸೇರಿತು. ನೋಡಲು ಎಷ್ಟು ಚೆಂದ ಇತ್ತು ಗೊತ್ತಾ!

ನಮ್ಮವರ ಮಾತು ಮಾತ್ರ ಚೆಂದ ಇರಲಿಲ್ಲ. 'ಕೇರೆ ಹಾವಿಗೆ ಇಷ್ಟು ಹೊತ್ತಾ?' ಎಂದರೊಬ್ಬರು. ಇನ್ನೊಬ್ಬರಿಗೆ ಹಾವನ್ನು ಕೈಯಲ್ಲಿ ಹಿಡಿಸಿ ಮಗನ ಜೊತೆ ಫೋಟೊ ತೆಗೆಯಬೇಕಿತ್ತು. 'ಹಾಗೆಲ್ಲ ಹಿಡ್ಕೊಂಡು ತೋರಿಸಿದ್ರೆ ನನ್ನ ಮೇಲೇ ಕೇಸಾಗುತ್ತೆ ಸರ್' ಎಂದದ್ದಕ್ಕೆ ಅವರಿಗೆ ಮುಖ ಊದಿತು. ಪೆಟ್ರೋಲಿಗೆ ಅಂತ ಇನ್ನೂರು ಕೊಡಲು ಹೋದರೆ ಹಿಂದಿನಿಂದ 'ಸರ್ಕಾರದ ಸಂಬಳ ಬರಲ್ವಾ?' ಎಂಬ ದನಿ.

ಬರಲ್ಲ. ಹೆಚ್ಚಿನವರಿಗೆ ಬರಲ್ಲ. ಇಷ್ಟು ದೊಡ್ಡ ಬೆಂಗಳೂರಿಗೆ ಪಾಲಿಕೆ ಕಡೆಯಿಂದ ಹಾವು, ಹಕ್ಕಿ, ಕೋತಿ ಅಂತ ಓಡಾಡುವವರನ್ನು ಬೆರಳಲ್ಲಿ ಎಣಿಸಬಹುದು. ಉಳಿದವರು ಬೇರೆ ಕೆಲಸ ಮಾಡಿಕೊಂಡು, ಊಟದ ಹೊತ್ತಲ್ಲೋ ರಾತ್ರಿಯೋ ಬರುವವರು. ಅವರಿಗೆ ಕಷ್ಟ ಬರುವುದೂ ಒಟ್ಟೊಟ್ಟಿಗೇ. ಮೇ ತಿಂಗಳಿಂದ ಕೊಳಕುಮಂಡಲ ಮರಿ ಹಾಕುತ್ತೆ, ಆಮೇಲೆ ನಾಗರ ಹಾವಿನ ಮೊಟ್ಟೆ ಒಡೆಯುತ್ತೆ, ಮಳೆ ನೀರು ಬಿಲಕ್ಕೆ ನುಗ್ಗುತ್ತೆ. ಅಷ್ಟರಲ್ಲಿ ಆಷಾಢದ ಗಾಳಿ, ಗಾಳಿಪಟ. ಗಾಳಿಪಟಕ್ಕೆ ಕಟ್ಟುವ ಹರಿತವಾದ ನೈಲಾನ್ ದಾರ ಚೀನಾ ಮಾಂಜಾವನ್ನು 2017ರಲ್ಲೇ ಹಸಿರು ನ್ಯಾಯಮಂಡಳಿ ದೇಶಕ್ಕೆಲ್ಲ ನಿಷೇಧಿಸಿದರೂ ಹದ್ದುಗಳು ಇವತ್ತಿಗೂ ರೆಕ್ಕೆ ಕತ್ತರಿಸಿಕೊಂಡು ಮರದಲ್ಲಿ ತಲೆಕೆಳಗಾಗಿ ನೇತಾಡುತ್ತಿವೆ. ಕೆಂಗೇರಿ ಹತ್ತಿರ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ 1996ರಿಂದ ನಡೆಯುತ್ತಿದೆ ನಿಜ, ಆದರೆ ಹದ್ದು ಅಲ್ಲಿಗೆ ತಾನೇ ನಡೆದು ಹೋಗಲ್ಲ ಅಲ್ವಾ? ರಟ್ಟಿನ ಡಬ್ಬಕ್ಕೆ ನಾಲ್ಕು ತೂತು ಮಾಡಿ, ಕೆಳಗೆ ಬಿದ್ದ ಹಕ್ಕಿಯ ಮೇಲೆ ಟವೆಲ್ ಹಾಕಿ ಮೆತ್ತಗೆ ಎತ್ತಿಟ್ಟು, ಫೋನ್ ಮಾಡಿ ಕೇಳಿಕೊಂಡು ನಾವೇ ಆಟೋದಲ್ಲಿ ತಲುಪಿಸಿದರೆ ಒಬ್ಬರ ಎರಡು ಗಂಟೆ ಉಳಿಯುತ್ತದೆ. ಮೈನಾ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದು ತಾಯಿ ಬಂದು ಗುಟುಕು ಕೊಡುತ್ತಿದ್ದರೆ ಯಾರನ್ನೂ ಕರೆಯುವುದೇ ಬೇಡ, ಬೆಕ್ಕು ನಾಯಿ ಬರದಂತೆ ನೋಡಿಕೊಂಡರೆ ಆಯಿತು, ಅದು ಹಾರಲು ಕಲಿಯುತ್ತಿರುತ್ತದೆ.

ಇನ್ನು ಜನ ಸೇರುವುದು. 2016ರ ಫೆಬ್ರುವರಿಯಲ್ಲಿ ಕುಂದಲಹಳ್ಳಿಯ ಶಾಲೆಗೆ ಚಿರತೆ ನುಗ್ಗಿ, ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರನ್ನು ಈಜುಕೊಳದ ಪಕ್ಕ ಕಚ್ಚಿ ಎಳೆದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಅವತ್ತು ಹೊರಗಡೆ ಜಾತ್ರೆಯಂತೆ ಜನ. ಹೆದರಿದ ಪ್ರಾಣಿಗೆ ಸುತ್ತ ಗದ್ದಲ ಇದ್ದರೆ ಅದು ಮೊದಲು ಎರಗುವುದು ಹತ್ತಿರ ಇರುವವರ ಮೇಲೆ. ಹತ್ತಿರ ಇರುವವರು ಯಾರು? ಹಿಡಿಯಲು ಬಂದವರೇ. ಹಾವಿನ ಮೇಲೆ ಸೀಮೆಎಣ್ಣೆ, ಫಿನಾಯಿಲ್, ಬಿಸಿನೀರು ಸುರಿದಿಟ್ಟು ಆಮೇಲೆ ಫೋನ್ ಮಾಡುವವರೂ ಇದ್ದಾರಂತೆ. ಉರಿ ತಡೆಯಲಾರದೆ ಒದ್ದಾಡುವ ನಾಗರ ಹಾವಿನ ಮುಂದೆ ಆ ಹುಡುಗ ಕೂರಬೇಕು. ಕೊಂದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಹಾಗಾಗಿ ಹಿಂಸೆ ಕೊಟ್ಟು ಇನ್ನೊಬ್ಬರ ಕೈಗೆ ದಾಟಿಸುವುದು.

ಫೋನ್ ಮಾಡುವಾಗ ದೂರದಿಂದ ತೆಗೆದ ಒಂದು ಫೋಟೊ, ಲೊಕೇಶನ್ ಕಳಿಸಿ. ವಿಷ ಇಲ್ಲದ್ದಾದರೆ ಅಲ್ಲಿಂದಲೇ ಹೇಳುತ್ತಾರೆ, ದಾರಿ ಬಿಟ್ಟರೆ ಅದರ ಪಾಡಿಗೆ ಅದು ಹೋಗುತ್ತದೆ. ಅವರು ಸಿಗದಿದ್ದರೆ ಅರಣ್ಯ ಇಲಾಖೆಯ 1926 ಇದೆ. ಅಲ್ಲಿ ಫೋನ್ ಎತ್ತುವವರೂ ಮನುಷ್ಯರೇ, ಸುಮ್ನೆ ರೇಗಬೇಡಿ.

ಈ ಸಲ ಮಳೆ ಶುರುವಾದಾಗ ನಮ್ಮ ಸಂಪಿನ ಹತ್ತಿರ ಮತ್ತೆ ಹಾವು. ಅದೇ ಹುಡುಗನಿಗೆ ಫೋನ್ ಮಾಡಿದೆ, ಒಂದೇ ಸಲ. ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಟಾರ್ಚ್ ಹಿಡಿದು ಒಂದೂಕಾಲು ಗಂಟೆ ಕಾದೆ. ಬಂದರು, ಬೆರಳು ತೋರಿಸಿದೆ, ಐದು ನಿಮಿಷದ ಕೆಲಸ. ನಾಗರ ಹಾವಿನ ಮರಿ. ನನ್ನವಳು ಕಾಫಿ ತಂದುಕೊಟ್ಟಳು. ಅರ್ಧ ಲೋಟ ಕುಡಿಯುವಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಕೋಣನಕುಂಟೆಯಿಂದ ಯಾರೋ ಆಗಲೇ ಬೈಯುತ್ತಿದ್ದರು, ದನಿ ನನ್ನವರೆಗೂ ಕೇಳಿಸಿತು.

– ಓದುಗರೊಬ್ಬರು, ಬೆಂಗಳೂರು