ನಿನ್ನ ದಿನಚರಿ ಓದಿದೆ

ಪ್ರೀತಿಯ ತಂಗಿಗೆ,

ನೀನು ಕೊಟ್ಟುಹೋದ ನೋಟ್‌ಬುಕ್ ಎರಡು ಸಲ ಓದಿದೆ. ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಅದು ಸಣ್ಣ ಮಾತಲ್ಲ. ನನಗೆ ಬಹಳ ಖುಷಿಯಾಯಿತು.

ಆದರೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿಬಂದ ದಿನ 'ತುಂಬಾ ಗದ್ದಲ, ಮನಸ್ಸಿಗೆ ಬೇಸರ' ಅಂತ ಬರೆದು ಮುಗಿಸಿದ್ದೀಯ. ಯಾರ ಗದ್ದಲ? ಏನಾಯಿತು ಅಂತ ಬೇಸರ? ನನ್ನ ಕಣ್ಣಿಗೆ ಏನೂ ಕಾಣಲಿಲ್ಲ.

ನಾನೂ ಹೀಗೇ ಬರೆಯುತ್ತಿದ್ದೆ. ಅಪ್ಪ ತೀರಿಹೋದ ದಿನ ನನ್ನ ಡೈರಿಯಲ್ಲಿ ಇರುವುದು ಎರಡೇ ಪದ: 'ದೊಡ್ಡ ಆಘಾತ.' ಅವತ್ತು ಮನೆಯಲ್ಲಿ ಯಾರಿದ್ದರು, ಅವ್ವ ಏನಂದಳು, ಈಗ ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ. ಅದೇ ಡೈರಿಯ ಕೊನೆಯ ಹಾಳೆಯಲ್ಲಿ ಸುಮ್ನೆ ಖರ್ಚಿನ ಲೆಕ್ಕ ಗೀಚಿದ್ದೆ: 'ಅಪ್ಪನ ಚಪ್ಪಲಿ ಹೊಲಿಸಿದ್ದು, 2 ರೂಪಾಯಿ. ಬಲಗಾಲಿನ ಉಂಗುಟ.' ಆ ಸಾಲು ಓದಿದಾಗಲೆಲ್ಲ ಅಪ್ಪ ಬಲಗಾಲು ಎಳೆಯುತ್ತಾ ಅಂಗಳಕ್ಕೆ ಬರುತ್ತಾರೆ.

ಅದಕ್ಕೇ, ಒಂದು ಸೋಮವಾರ ಇಲ್ಲವೇ ಗುರುವಾರ ಮತ್ತೆ ಬ್ಯಾಡಗಿಗೆ ಹೋಗು. ಹಂಗಾಮು ಇನ್ನೂ ಇದೆ. ಅಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು ಅನ್ನೋದು ಪೇಪರಿನಲ್ಲಿ ಸಿಗುತ್ತದೆ, ಅದನ್ನು ಬರೆಯಬೇಡ. ಅಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಬಗೆಯ ಕಾಯಿ ಇರುತ್ತವೆ. ಕಡ್ಡಿ ಉದ್ದ, ಸಣ್ಣ, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ದುಂಡಗೆ, ಬಣ್ಣ ಜಾಸ್ತಿ, ಖಾರ ಕಮ್ಮಿ. ಕೈಯಲ್ಲಿ ಹಿಡಿದು ನೋಡು. ಒಣಗಿದ ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡುತ್ತದೆ. ರೇಟು ಕೇಳಿದ ಮೇಲೆ ರೈತ ಚೀಲದ ಬಾಯಿ ಹೇಗೆ ಕಟ್ಟುತ್ತಾನೆ ನೋಡು. ನಿನ್ನ ಬೇಸರ ಅಲ್ಲೆಲ್ಲೋ ಇದೆ.

ವಾಪಸ್ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುವಾಗ ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೇ ಬರೆದುಕೋ. 'ಏನ್ ಮಾಡೂದ್ರೀ' ಅಂದದ್ದನ್ನು 'ಏನು ಮಾಡುವುದು' ಅಂತ ತಿದ್ದಿದರೆ ಆ ಮನುಷ್ಯನೇ ಹೋಗಿಬಿಡುತ್ತಾನೆ.

ವಾರಕ್ಕೊಂದು ಸಲ ಒಂದು ಪುಟ ಆರಿಸಿ ಬೇರೆ ಹಾಳೆಯಲ್ಲಿ ಮತ್ತೆ ಬರಿ. ಬರವಣಿಗೆ ಪಳಗುವುದು ಅಲ್ಲಿ. ದಿನಚರಿಯನ್ನು ಮಾತ್ರ ತಿದ್ದಬೇಡ.

ಇನ್ನೊಂದು ಮಾತು. ಇನ್ನು ಮುಂದೆ ಇದನ್ನು ಯಾರಿಗೂ ತೋರಿಸಬೇಡ, ನನಗೂ. ಅಣ್ಣನ ಜೊತೆ ಜಗಳವಾದ ದಿನದ ಪುಟ ಅರ್ಧಕ್ಕೆ ನಿಂತಿದೆ. ನಾನು ಓದುತ್ತೇನೆ ಅಂತ ನಿಲ್ಲಿಸಿದ್ದು, ಅಲ್ವಾ?

ನೋಟ್‌ಬುಕ್ ವಾಪಸ್ ಕಳಿಸಿದ್ದೇನೆ. ಜೊತೆಗೆ ಹೊಸದೊಂದು ಇಟ್ಟಿದ್ದೇನೆ. ಆ ಜಗಳವನ್ನು ಅದರಲ್ಲಿ ಪೂರ್ತಿ ಮಾಡು.

ನಿನ್ನ ಅಕ್ಕ,
ಧಾರವಾಡ